ರೊಕ್ಕ ದಾರಿಯಲ್ಲಿದೆ

ಮನೆ ಕೊಳ್ಳುವವರಿಗೆ ನಮ್ಮ ಕಡೆ ಎಂದೂ ಬರವಿಲ್ಲ. ಬರುತ್ತಾರೆ, ಗೋಡೆ ತಟ್ಟುತ್ತಾರೆ, ನಳ ತಿರುವುತ್ತಾರೆ, ಚಹಾ ಕುಡಿಯುತ್ತಾರೆ, ದೇವರಮನೆ ಯಾವ ಮೂಲೆಗೆ ಎಂದು ಗಂಡ ಹೆಂಡತಿ ಅಲ್ಲೇ ಜಗಳಕ್ಕೆ ನಿಲ್ಲುತ್ತಾರೆ. ಇಷ್ಟೆಲ್ಲ ಆದಮೇಲೆ ಅವರಿಗೆ ನೆನಪಾಗುವುದು ರೊಕ್ಕ. ಅದು ಯಾವಾಗ ಕೇಳಿದರೂ ದಾರಿಯಲ್ಲಿರುತ್ತದೆ.

ವಾಡಿಯಲ್ಲಿ ನನ್ನದೊಂದು ಮನೆ ಇತ್ತು. ಯಾರಿಂದಲೂ ಆಸ್ತಿಯಾಗಿ ಬಂದದ್ದಲ್ಲ. ಅದರ ಒಂದೊಂದು ಫರಸಿ ಕಲ್ಲೂ ನಾನು ಬಡಿದ ಜೋಳದ ರೊಟ್ಟಿಯಿಂದ ಹುಟ್ಟಿದ್ದು. ಖಾನಾವಳಿ ಇರುವುದು ಸೇಡಂನಲ್ಲಿ, ಬಾಡಿಗೆ ಜಾಗದಲ್ಲಿ. ಜಾಗದ ಮಾಲಕರದು ದಿನಾ ಮಧ್ಯಾಹ್ನ ನಮ್ಮಲ್ಲೇ ಊಟ. ಕೈ ತೊಳೆದು "ಬಾಡಿಗ್ಯಾಗ ಮುರ್ಕೋ ತಂಗಿ" ಎಂದು ಎದ್ದುಹೋಗುವುದು ಅವರ ಪದ್ಧತಿ; ಊಟದ ಲೆಕ್ಕವನ್ನು ತಿಂಗಳ ಬಾಡಿಗೆಯಲ್ಲಿ ನಾನೇ ಕಳೆದುಕೊಳ್ಳಬೇಕು. ಸಂಕ್ರಾಂತಿ ಆದಮೇಲೆ ಒಂದು ದಿನ ಹೀಗೇ ಕೈ ತೊಳೆದವರು ಹೇಳಿದರು:

"ಈ ಜಾಗ ಮಾರ್ಲಾಕತ್ತೀನಿ ತಂಗಿ. ಮೊದಲ ಹಕ್ಕು ನಿಂದು. ನಾಗರ ಪಂಚಮಿ ತನಾ ಕಾಯ್ತೀನಿ. ಆಮ್ಯಾಲ ಮೊಬೈಲ್ ಅಂಗಡಿಯಾವ ನಿಂತಾನ. ಒಂದೇ ಮಾತು, ಪುರಾ ರೊಕ್ಕ ಒಮ್ಮೆಗೇ ಇಡಬೇಕು. ಕಂತು ಗಿಂತು ನಡ್ಯಂಗಿಲ್ಲ."

ವಾಡಿಯ ಮನೆ ಮಾರಿದರೆ ಖಾನಾವಳಿ ನನ್ನದು. ಮಾರದಿದ್ದರೆ ನನ್ನ ಒಲೆ ಇರುವ ಜಾಗದಲ್ಲಿ ಮೊಬೈಲ್ ಕವರ್ ತೂಗಾಡುತ್ತವೆ. ಮಾರಲು ಹೊರಟೆ.

ತೊಗರಿ

ಮೊದಲು ಬಂದವರು ಚಿತ್ತಾಪುರದ ದೊಡ್ಡ ರೈತರು. ಮನೆ ಒಂದೇ ನೋಟಕ್ಕೆ ಒಪ್ಪಿದರು. ತೆಂಗಿನಕಾಯಿ ಕೊಟ್ಟು, ಇಸಾರ ಎಂದು ಸ್ವಲ್ಪ ಮುಂಗಡವನ್ನೂ ಕೈಗಿಟ್ಟರು. ಉಳಿದ ರೊಕ್ಕ ಎಲ್ಲಿ ಎಂದರೆ, ಅವರ ಪಡಸಾಲೆಯಲ್ಲಿ ಚೀಲಗಟ್ಟಲೆ ತೊಗರಿಯಾಗಿ ಕೂತಿದೆ.

"ರೇಟು ಏರಿದ ಕೂಡಲೇ ಮಾರಿ ತಂದು ಕೊಡ್ತೀನ್ರಿ ಅಕ್ಕಾ. ರೊಕ್ಕ ದಾರಿದಾಗ ಅದ ಅಂತ ತಿಳೀರಿ."

ರೇಟು ಏರಿತು. ಫೋನ್ ಮಾಡಿದೆ. "ಏರ್ಲಾಕತ್ತದ್ರಿ. ಏರೋ ಹೊತ್ತಿನ್ಯಾಗ ಯಾರರೆ ಮಾರ್ತಾರೇನ್ರಿ?" ಎಂದರು. ಹದಿನೈದು ದಿನಕ್ಕೆ ಇಳಿಯಿತು. "ಇಳದಾಗ ಮಾರಿದ್ರ ಮಂದಿ ನಗ್ತಾರ." ಆಮೇಲೆ ರೇಟು ಏರಲೂ ಇಲ್ಲ, ಇಳಿಯಲೂ ಇಲ್ಲ. "ಈಗ ಸುಮ್ನ ನಿಂತದ್ರಿ. ಯಾವ ಕಡೀಗೆ ಹೋಗ್ತದ ನೋಡಮು."

ಯುಗಾದಿ ಹೊತ್ತಿಗೆ ನನ್ನ ಸಹನೆಯೂ ಹೋಯಿತು, ತೊಗರಿಗೆ ಹುಳುವೂ ಬಿತ್ತು. ಆಗ ಅವರೇ ಫೋನ್ ಮಾಡಿ ಒಂದು ದಾರಿ ಸೂಚಿಸಿದರು.

"ಅಕ್ಕಾ, ನಿಮ್ದು ಖಾನಾವಳಿ. ರೊಕ್ಕದ ಬದ್ಲಿ ತೊಗರಿನೇ ತಗೋರಿ, ಬ್ಯಾಳಿಗಿ ಬರ್ತದ."

ಹಟಕ್ಕೆ ಬಿದ್ದು ಕೇಳಿದೆ: "ಇವತ್ತಿನ ರೇಟಿಗೇನ್ರಿ?"

"ಛೇ ಛೇ, ಇವತ್ತಿಂದು ಯಾನ್ ರೇಟ್ರಿ! ಮುಂದ ಏರ್ತದಲ್ಲ, ಆ ರೇಟಿಗೆ."

ಭಿಶಿ

ಎರಡನೆಯವಳು ಶಹಾಬಾದಿನ ಟೇಲರ್ ಬಾಯಿ. ನನ್ನ ಹಾಗೇ ಒಬ್ಬಳೇ ದುಡಿದು ನಿಂತವಳು. ಅದಕ್ಕೇ ಅವಳ ಮೇಲೆ ಸ್ವಲ್ಪ ಹೆಚ್ಚೇ ವಿಶ್ವಾಸ ಇಟ್ಟೆ. ಮುಕ್ಕಾಲು ರೊಕ್ಕ ಬ್ಯಾಂಕಿನಲ್ಲಿತ್ತು. ಕಡಿಮೆ ಬಿದ್ದದ್ದು ಭಿಶಿಯಿಂದ ಬರಬೇಕಿತ್ತು. ಭಿಶಿ ಎಂದರೆ ಓಣಿಯ ಹೆಂಗಸರು ತಿಂಗಳಿಗೊಮ್ಮೆ ಕೂಡಿ ಎಲ್ಲರೂ ಇಷ್ಟಿಷ್ಟು ಹಾಕಿ, ಚೀಟಿ ಎತ್ತಿ, ಯಾರ ಹೆಸರು ಬರುತ್ತದೋ ಅವರಿಗೆ ಅಷ್ಟೂ ಗಂಟು ಕೊಡುವುದು.

"ಈ ಸಲ ನಂದೇ ಹೆಸರು ಬರ್ತದ ಅಕ್ಕಾ. ನನ್ನ ಬಲಗಣ್ಣು ಹಾರ್ಲಾಕತ್ತದ."

"ಹೆಂಗಸರಿಗೆ ಹಾರಬೇಕಾದದ್ದು ಎಡಗಣ್ಣಲ್ಲೇನವ್ವಾ?"

"ಮುಂಜಾನಿ ಅದೂ ಹಾರಿತ್ತು."

ನಂಬಿಕೆ ಬರಲಿ ಎಂದು ನನ್ನನ್ನೂ ಕರೆದುಕೊಂಡು ಹೋದಳು. ಅಂದು ಹೊಸ ಭಿಶಿ ಶುರುವಾಗುವ ದಿನ, ಆದರೆ ಮಂದಿಯಲ್ಲಿ ಒಬ್ಬರು ಕಡಿಮೆ. ಎಲ್ಲರೂ ನನ್ನ ಮುಖ ನೋಡಿದರು. ಒಬ್ಬರ ಸಲುವಾಗಿ ಭಿಶಿ ನಿಂತರೆ ನನ್ನ ಮನೆಯ ಮಾರಾಟವೂ ನಿಲ್ಲುತ್ತದೆ. ಸೆರಗಿನ ಗಂಟು ಬಿಚ್ಚಿ ನನ್ನ ಪಾಲನ್ನೂ ಹಾಕಿದೆ. ಡಬ್ಬಿ ಅಲ್ಲಾಡಿಸಿದರು, ಚೀಟಿ ಎತ್ತಿದರು. ಬಂದದ್ದು ನನ್ನ ಹೆಸರು.

ಹೆಂಗಸರೆಲ್ಲ ಆ ಚೀಟಿಯನ್ನು ತಿರುವಿ ತಿರುವಿ ನೋಡಿದರು. ಟೇಲರ್ ಬಾಯಿ ಮಾತ್ರ ಗಂಟನ್ನು ನನ್ನ ಮಡಿಲಿಗೆ ಹಾಕಿ ಸಮಾಧಾನದಿಂದ ಹೇಳಿದಳು:

"ನೋಡ್ರಿ ಅಕ್ಕಾ, ಕಡಿಮಿ ಬಿದ್ದ ರೊಕ್ಕ ನಿಮಗ ಮುಟ್ಟಿತಲ್ಲ? ಇನ್ನ ಮನಿ ಕಾಗದ ಮಾಡಿಸಿಬಿಡ್ರಿ."

ಮನೆ ಮಾರಾಟವಾಗಲಿಲ್ಲ. ಆ ಭಿಶಿಯ ಕಂತನ್ನು ನಾನು ಇವತ್ತಿಗೂ ತುಂಬುತ್ತಿದ್ದೇನೆ.

ಲಕ್ಷ್ಮಿ

ಚಿಂಚೋಳಿಯ ಮಾಸ್ತರರದು ಹಾಗಲ್ಲ. ಪೂರ್ತಿ ರೊಕ್ಕ ಕಪಾಟಿನಲ್ಲಿ ಸಿದ್ಧವಿತ್ತು. ಕಪಾಟಿನ ಕೀಲಿ ಮಾತ್ರ ಹೆಂಡತಿಯ ಸೊಂಟದಲ್ಲಿತ್ತು. ಆಕೆ ಆಚಾರವಂತೆ.

"ಮಂಗಳವಾರ, ಶುಕ್ರವಾರ ಮನಿ ಲಕ್ಷ್ಮೀನ ಹೊರಗ ಕಳಸಬಾರದ್ರೀ" ಎಂದರು. ಒಪ್ಪಿದೆ. ಬುಧವಾರ ಆಕೆ ಹುಟ್ಟಿದ ವಾರ, ಅಂದು ಆಗದು. ಗುರುವಾರ ಮಾಸ್ತರರ ಉಪವಾಸ, ಬರಿ ಹೊಟ್ಟೆಯಲ್ಲಿ ರೊಕ್ಕ ಕೊಡಬಾರದಂತೆ. ಶನಿವಾರ ಎಂದಾಗ ಆಕೆ ಕಿವಿ ಮುಚ್ಚಿಕೊಂಡರು. ರವಿವಾರ ನೋಂದಣಿ ಕಚೇರಿಗೆ ರಜೆ. ಉಳಿದದ್ದು ಸೋಮವಾರ. ಎರಡು ಸೋಮವಾರ ಕಚೇರಿಯ ಕಂಪ್ಯೂಟರ್ ಮಲಗಿತ್ತು. ಮೂರನೆಯ ಸೋಮವಾರ ಎಲ್ಲ ಸರಿ ಇದ್ದಾಗ ಅಮಾವಾಸ್ಯೆ ಬಂತು.

"ಕೈಯಿಂದ ಕೊಡಬ್ಯಾಡ್ರಿ. ಬ್ಯಾಂಕಿನ್ಯಾಗ ನನ್ನ ಖಾತೆಗೆ ತುಂಬಿಬಿಡ್ರಿ" ಎಂದೆ.

"ಬ್ಯಾಂಕಿನ್ಯಾಗಿದ್ರ ಲಕ್ಷ್ಮಿ ಅಲ್ಲೇನ್ರೀ?" ಎಂದರು.

ಕಡೆಗೆ ಅವರೇ ಬೇಸತ್ತು ವ್ಯವಹಾರ ಬಿಟ್ಟರು. ಮಾಸ್ತರರು ಮೊದಲ ದಿನವೇ ತಮ್ಮ ಕಿಸೆಯಿಂದ ಕೊಟ್ಟಿದ್ದ ಇಸಾರ ವಾಪಸ್ ಒಯ್ಯಲು ಗಂಡ ಹೆಂಡತಿ ಇಬ್ಬರೂ ಖಾನಾವಳಿಗೆ ಬಂದರು. ಅಂದು ಶುಕ್ರವಾರ, ದೀಪ ಹಚ್ಚುವ ಹೊತ್ತು. ನಾನು ಕ್ಯಾಲೆಂಡರಿನ ಕಡೆ ಬೆರಳು ತೋರಿಸಿದೆ. ಆಕೆ ನನ್ನ ಅಜ್ಞಾನಕ್ಕೆ ಮರುಗಿ ನಕ್ಕರು.

"ಹೊರಗ ಹೋಗಬಾರದ್ರೀ. ಒಳಗ ಬರ್ಲಿಕ್ಕೆ ಇದಕ್ಕಿಂತ ಛಲೋ ದಿನಾನೇ ಇಲ್ಲ."

ಆ ಹೆಂಗಸು

ಇಷ್ಟಾದಮೇಲೆ ನಾನೂ ಮಾಲಕರ ಪಾಠವನ್ನೇ ಕಲಿತೆ. ಯಾರೇ ಬರಲಿ, ಪುರಾ ರೊಕ್ಕ ಒಮ್ಮೆಗೇ ಇಟ್ಟರೆ ಮಾತು. ಇಲ್ಲದಿದ್ದರೆ ಚಹಾ ಕುಡಿದು ಹೋಗಲಿ.

ಪಂಚಮಿ ಹತ್ತಿರ ಬಂತು. ಮೊಬೈಲ್ ಅಂಗಡಿಯವನು ಬಂದು ನನ್ನ ಒಲೆಯ ಗೋಡೆಗೆ ಟೇಪು ಹಿಡಿದು ಅಳತೆಯನ್ನೂ ತೆಗೆದುಕೊಂಡು ಹೋದ. ಮಾಲಕರು ಅನ್ನ ಕಲಸುತ್ತಾ, "ಏನಾತು ತಂಗಿ? ನನ್ನ ಹಿಂದೂ ರೊಕ್ಕ ಕೇಳಾವ ಒಬ್ಬ ಅದಾನ" ಎಂದರು. "ಪಾರ್ಟಿ ಗಟ್ಟಿ ಅದ್ರಿ, ರೊಕ್ಕ ದಾರಿದಾಗ ಅದ" ಎಂದೆ. ಅಷ್ಟು ಹೊತ್ತಿಗೆ ಆ ಮಾತು ನನ್ನ ಬಾಯಿಗೂ ಹತ್ತಿತ್ತು.

ಸುಳ್ಳೇನೂ ಹೇಳಿರಲಿಲ್ಲ. ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಮನೆ ಒಪ್ಪಿದ್ದ. ಅರ್ಧ ರೊಕ್ಕ ಬ್ಯಾಂಕಿನಲ್ಲಿತ್ತು, ಅರ್ಧ ಬರಬೇಕಿತ್ತು. ರವಿವಾರ ವಾಡಿಗೆ ಬಂದ. ನಾನು ಬುತ್ತಿ ಕಟ್ಟಿಕೊಂಡು ಹೋಗಿದ್ದೆ, ಪಡಸಾಲೆಯಲ್ಲಿ ಕೂಡಿಸಿ ಬಡಿಸಿದೆ.

"ಉಳಿದ ಅರ್ಧ ಎಲ್ಲಿ ಅದಪಾ?"

"ಎಲ್ಲೂ ಹೋಗಿಲ್ಲ ಕಾಕು. ನನ್ನ ಹೆಂಡ್ತಿ ಸೋದರಮಾವ ಕೊಡ್ತಾರ. ಅವರ ಜಾಗ ಮಾರಾಟ ಆಗ್ಲಾಕತ್ತದ. ಆದ್ರ ತಗೊಳ್ಳಾಕಿ ರೊಕ್ಕ ಇಡವಲ್ಲಳು."

"ತಗೊಳ್ಳಾಕಿ? ಹೆಣ್ಮಗಳೇನು?"

"ಹೂಂರಿ. ಸೇಡಂದಾಗ ಖಾನಾವಳಿ ನಡಸ್ತಾಳಂತ. ಭಾಳ ಜಿದ್ದಿನ ಹೆಂಗಸಂತ್ರಿ. ಸಂಕ್ರಾಂತಿಯಿಂದ ಇವತ್ತು ನಾಳಿ ಅಂತ ಆಡಸ್ಲಾಕತ್ತಾಳ. ಎಲ್ಲೋ ಒಂದು ಮನಿ ಅದ, ಮಾರಿ ಕೊಡ್ತೀನಿ ಅಂತಾಳಂತ. ಆ ಮನಿ ಇರೋದೇ ಸುಳ್ಳು ಅಂತ ನಮ್ಮ ಮಾವನ ಸಂಶಯ."

ಅವನು ಗೋಡೆಗೆ ಒರಗಿ ಆರಾಮಾಗಿ ಕೂತಿದ್ದ. ಆ ಸುಳ್ಳು ಮನೆಯ ಗೋಡೆಗೆ.

"ನಿಮ್ಮಂಥ ಸೀದಾ ಮಂದಿಗೆ ಅಂಥಾಕಿ ಗಂಟು ಬೀಳಬಾರದು ಕಾಕು."

"ರೊಟ್ಟಿ ಹೆಂಗ ಅವಪಾ?"

"ಏ, ಭಾಳ ಛಲೋ ಅವ."

"ಆ ಹೆಂಗಸೇ ಬಡದಾಳ."

ಅವನ ತುತ್ತು ಅಲ್ಲೇ ನಿಂತಿತು. ನೀರು ಕೊಟ್ಟೆ.

ಮರುದಿನ ಮಧ್ಯಾಹ್ನ ಖಾನಾವಳಿಯಲ್ಲಿ ಇಬ್ಬರನ್ನೂ ಎದುರುಬದುರು ಕೂಡಿಸಿದೆ. ಮಾಲಕರಿಗೆ ವಿಷಯ ಇಳಿಯಲು ಒಂದು ಪೂರ್ತಿ ರೊಟ್ಟಿ ಬೇಕಾಯಿತು. ಇಳಿದಮೇಲೆ ತಪ್ಪೆಲ್ಲ ನನ್ನದೇ ಎನ್ನುವಂತೆ ನೋಡಿದರು.

"ಅರ್ಧ ರೊಕ್ಕ ಆಗೇ ಇವನ ಕಡೆ ಇತ್ತಲ್ಲ, ತಗೊಂಡು ನನಗ ಕೊಡಬೇಕಿಲ್ಲೇನು ತಂಗಿ?"

"ಪುರಾ ಒಮ್ಮೆಗೇ ಅಂದಾವರು ಯಾರ್ರಿ?"

"ಅದು ನನ್ನ ಮಾತು. ನೀ ಯಾಕ ಹಿಡಕೊಂಡಿ?"

"ನಿಮ್ಮಿಂದೇ ಕಲಿತೀನಿ."

"ಹಂಗಾದ್ರ ಮೊದಲ ನೀ ಬಿಡು."

"ಮೊದಲ ನೀವು ಬಿಡ್ರಿ."

ನಡುವೆ ಆ ಹುಡುಗ ಸಣ್ಣ ದನಿಯಲ್ಲಿ, "ಮಾವಾ, ಕಾಕು, ನಾಡದು ಪಂಚಮಿ" ಎಂದ.

ನಾನು ಜಿದ್ದು ಬಿಡಲಿಲ್ಲ. ಪೂರ್ತಿಯೇ ತೆಗೆದುಕೊಂಡೆ, ಅರ್ಧರ್ಧವಾಗಿ ಎರಡು ಸಲ, ಅಷ್ಟೇ. ಮೂವರೂ ಬ್ಯಾಂಕಿಗೆ ಹೋದೆವು. ಹುಡುಗನ ಅರ್ಧ ರೊಕ್ಕ ನನ್ನ ಖಾತೆಗೆ ಬಂತು. ನನ್ನಿಂದ ಮಾಲಕರಿಗೆ ಹೋಯಿತು. ಮಾಲಕರು ಅದನ್ನೇ ಅಳಿಯನಿಗೆ ಸಾಲ ಕೊಟ್ಟರು. ಅಳಿಯ ಅದನ್ನೇ ಮತ್ತೆ ನನಗೆ ಹಾಕಿದ. ನಾನು ಮತ್ತೆ ಮಾಲಕರಿಗೆ ಕಳಿಸಿದೆ. ಕೌಂಟರಿನವರು ಕನ್ನಡಕ ತೆಗೆದು ಒಮ್ಮೆ ಮೂವರನ್ನೂ ನೋಡಿ, "ಆ ರೊಕ್ಕಕ್ಕ ಸ್ವಲ್ಪ ಕುಂದ್ರಲಿಕ್ಕರೆ ಬಿಡ್ರಿ" ಎಂದರು.

ಪಂಚಮಿಯ ಮೊದಲೇ ಎರಡೂ ಕಾಗದ ಆದವು. ಕಾಗದದ ಒಂದೊಂದು ಸಾಲನ್ನೂ ನಾನೇ ಓದಿ ಸಹಿ ಹಾಕಿದೆ. ಮೊಬೈಲ್ ಅಂಗಡಿಯವನು ಟೇಪು ಮಡಚಿಕೊಂಡು ಬೇರೆ ಗೋಡೆ ಹುಡುಕಲು ಹೋದ.

ಮರುದಿನ ಮಾಲಕರು, ಈಗ ಮಾಜಿ ಮಾಲಕರು, ಎಂದಿನಂತೆ ಬಂದು ಉಂಡರು. ಕೈ ತೊಳೆದು, ಮುಖ ಒರೆಸಿಕೊಂಡು, "ಬಾಡಿಗ್ಯಾಗ ಮುರ್ಕೋ ತಂಗಿ" ಎಂದು ಬಾಗಿಲ ಕಡೆ ನಡೆದರು.

"ಯಾವ ಬಾಡಿಗ್ರಿ?" ಎಂದೆ.

ಅವರು ಹೊಸ್ತಿಲ ಮೇಲೆ ನಿಂತರು. ಮೇಲೆ ಸೂರು ನೋಡಿದರು, ಕೆಳಗೆ ಫರಸಿ ನೋಡಿದರು, ನನ್ನನ್ನು ನೋಡಿದರು. ಆ ಕಿಸೆ ತಡವಿದರು, ಈ ಕಿಸೆ ತಡವಿದರು. ಆಮೇಲೆ ಗಂಟಲು ಸರಿ ಮಾಡಿಕೊಂಡು ಹೇಳಿದರು:

"ರೊಕ್ಕ ದಾರಿದಾಗ ಅದ ತಂಗಿ."