ನರಸಿಂಹನ ಮುಂದೆ ಒಂದು ಎಲ್ಕ್ ಅರ್ಜಿ

ದೇವರ ಹತ್ತಿರ ಬೇಡಿಕೊಂಡದ್ದನ್ನು ಹೊರಗೆ ಬಾಯಿಬಿಟ್ಟರೆ ಫಲಿಸುವುದಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದಳು. ನಾನು ಬೇಡಿಕೊಂಡದ್ದು ಆಗಲೇ ಫಲಿಸಿಬಿಟ್ಟಿದೆ, ಹಾಗಾಗಿ ಹೇಳಲು ಅಡ್ಡಿಯಿಲ್ಲ. ನಾಚಿಕೆಯೊಂದು ಬಿಟ್ಟರೆ. ದಿನಾ ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಎಣಿಸಿ ಕೈಮುಗಿಯುವ ಅಭ್ಯಾಸ ನನ್ನದು. ಹಾಲು ಉಕ್ಕಲಿಲ್ಲ. ಫ್ರೀವೇಯಲ್ಲಿ ಇವರಿಗೆ ಟ್ರಾಫಿಕ್ಕು ಸಿಗಲಿಲ್ಲ. ಮಗಳು ಡಬ್ಬಿಯ ಚಪಾತಿಯನ್ನು ತಿಂದೇ ಬಂದಳು, ವಾಪಸು ತರಲಿಲ್ಲ. ಇಷ್ಟಕ್ಕೆಲ್ಲ ಕೈಮುಗಿಯುವ ಹೆಂಗಸು ಅದೇ ದೀಪದ ಮುಂದೆ ನಿಂತು ಪಕ್ಕದ ಮನೆಯವರ ಆಸೆಗೆ ಕಲ್ಲು ಹಾಕಿಯಾಳು ಎಂದು ನೀವು ಅಂದುಕೊಳ್ಳಲಾರಿರಿ. ನಾನೂ ಅಂದುಕೊಂಡಿರಲಿಲ್ಲ.

ಕ್ಯಾಲಿಫೋರ್ನಿಯಾದ ನೆವಾರ್ಕಿನಲ್ಲಿ ನಮ್ಮ ಪಕ್ಕದ ಮನೆಯವರು ಗ್ಲೆನ್ ಮತ್ತು ಅವರ ಹೆಂಡತಿ ಡಾನಾ. ಗ್ಲೆನ್‌ಗೆ ಎಪ್ಪತ್ತು ದಾಟಿದೆ, ವೈರಿಂಗ್ ಕೆಲಸ ಮಾಡಿ ನಿವೃತ್ತರಾದವರು. ಅಷ್ಟು ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ, ‘ಮಿಸ್ಟರ್ ಗ್ಲೆನ್’ ಎನ್ನುತ್ತೇನೆ. ಅವರಿಗೆ ಅದು ತಮಾಷೆ. ನಾವು ಊರಿಗೆ ಹೋದಾಗ ನನ್ನ ತುಳಸಿಗೆ ನೀರು ಹಾಕುವವರು ಅವರು. ಒಮ್ಮೆ ನಮ್ಮ ಅಡುಗೆಮನೆಗೆ ಇಲಿ ಬಂದಾಗ ನಾನು ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದ್ದು ಅವರನ್ನೇ. ಬಂದು, ಬೋನಿಟ್ಟು, ಮಾರನೆಯ ದಿನ ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿಕೊಂಡು ಹೋದರು. ನಾನು ಕಣ್ಣು ಮುಚ್ಚಿಕೊಂಡು ರಾಮ ರಾಮ ಎಂದೆ. ಹಿಂಸೆ ಮಾಡದ ಮನೆತನ ನಮ್ಮದು. ಮಾಡಿಸುತ್ತೇವೆ, ಅಷ್ಟೆ.

ಗ್ಲೆನ್‌ಗೆ ಇರುವುದು ಒಂದೇ ಚಟ, ಬೇಟೆ. ಅವರ ಅಣ್ಣ ವಾಲ್ಟ್ ಇರುವುದು ಪಕ್ಕದ ರಾಜ್ಯ ನೆವಾಡಾದಲ್ಲಿ. ಅಲ್ಲಿನ ಬೆಟ್ಟದಲ್ಲಿ ಎಲ್ಕ್ ಎಂಬ ಪ್ರಾಣಿ ಇದೆ. ನಮ್ಮ ಕಡವೆಗೆ ಅಣ್ಣನ ಹಾಗೆ ಕಾಣುತ್ತದೆ, ತಲೆಯ ಮೇಲೆ ಒಂದು ಒಣಗಿದ ಮರವನ್ನೇ ಹೊತ್ತಂಥ ಕೊಂಬು. ಅದನ್ನು ಹೊಡೆಯಲು ಸರ್ಕಾರದ ಟ್ಯಾಗು, ಅಂದರೆ ಪರವಾನಗಿ ಚೀಟಿ, ಬೇಕು. ಟ್ಯಾಗುಗಳು ಎಣಿಸಿದಷ್ಟೇ. ಅದರಲ್ಲೂ ದೊಡ್ಡ ಪಾಲು ಆ ರಾಜ್ಯದವರಿಗೆ, ಉಳಿದ ನಾಲ್ಕು ಚೂರಿಗೆ ಹೊರರಾಜ್ಯದವರೆಲ್ಲ ಮುಗಿಬೀಳಬೇಕು. ವರ್ಷಕ್ಕೊಮ್ಮೆ ಲಾಟರಿ. ಸಿಗದಿದ್ದರೆ ಒಂದು ಪಾಯಿಂಟು ಕೊಡುತ್ತಾರೆ, ಪಾಯಿಂಟು ಹೆಚ್ಚಾದಷ್ಟೂ ಮುಂದಿನ ಸಲ ಸಿಗುವ ಆಸೆ ಹೆಚ್ಚು. ಗ್ಲೆನ್ ಹದಿನೆಂಟು ವರ್ಷದಿಂದ ಅರ್ಜಿ ಹಾಕುತ್ತಿದ್ದರು. ವಾಲ್ಟ್ ಫೋನು ಮಾಡಿ, “ನೀವು ಕ್ಯಾಲಿಫೋರ್ನಿಯಾದವರು ಬಂದು ನಮ್ಮ ಪಾಲಿಗೆ ಯಾಕಪ್ಪ ಕೈ ಹಾಕ್ತೀರಾ?” ಎಂದು ರೇಗಿಸುತ್ತಿದ್ದರಂತೆ. “ಒಂದೇ ತಾಯಿ ಮಕ್ಕಳು ನಾವು. ನಡುವೆ ಗೆರೆ ಎಳೆದಿರೋದರಿಂದ ಅವನು ಮನೆಯವನು, ನಾನು ಹೊರಗಿನವನು,” ಎನ್ನುತ್ತಿದ್ದರು ಗ್ಲೆನ್.

ಇದನ್ನು ಕೇಳಿ ನಮ್ಮ ಯಜಮಾನರು ನಿಟ್ಟುಸಿರು ಬಿಡುತ್ತಿದ್ದರು. ಹನ್ನೊಂದು ವರ್ಷದಿಂದ ನಾವೂ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿದ್ದೆವಲ್ಲ. “ಅವರಿಗೆ ವರ್ಷಕ್ಕೊಂದು ಪಾಯಿಂಟಾದ್ರೂ ಬರತ್ತೆ ಕಣೇ, ನಮಗೆ ಅದೂ ಇಲ್ಲ,” ಎಂದಿದ್ದರು ಒಮ್ಮೆ.

ಹೋದ ಏಪ್ರಿಲ್‌ನಲ್ಲಿ ಗ್ಲೆನ್ ಬೇಲಿಯ ಮೇಲಿಂದ ಒಂದು ಚೀಲ ನಿಂಬೆಹಣ್ಣು ಕೊಟ್ಟು, ಅಲ್ಲೇ ನಿಂತರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ.

“ಒಂದು ಉಪಕಾರ ಆಗಬೇಕಲ್ಲ. ಈ ಸಲ ನಿಮ್ಮ ದೇವರಿಗೆ ಒಂದು ಮಾತು ಹೇಳ್ತೀಯಾ? ವಾಲ್ಟ್‌ನ ಹೃದಯ ಸರಿಯಿಲ್ಲ. ಬೆಟ್ಟ ಹತ್ತೋದು ಇದೊಂದೇ ವರ್ಷ, ಆಮೇಲೆ ಬೇಡ ಅಂದಿದ್ದಾರೆ ಡಾಕ್ಟರು. ಆ ಪ್ರಾಣಿ ಎಲ್ಲಿ ನೀರಿಗೆ ಬರತ್ತೆ ಅಂತ ಗೊತ್ತಿರೋದು ಅವನಿಗೆ. ಒಂದು ಸಲ ಅವನ ಜೊತೆ ಹೋಗಿಬರಬೇಕು.”

“ಖಂಡಿತ ಹೇಳ್ತೀನಿ, ಮಿಸ್ಟರ್ ಗ್ಲೆನ್,” ಎಂದೆ.

“ನಿಮ್ಮ ದೇವರಿಗೆ ಕೈ ಜಾಸ್ತಿ. ಒಂದನ್ನ ನನ್ನ ಕಡೆಗೆ ಎತ್ತಿದರೆ ಸಾಕು.”

ನಗುತ್ತಾ ಒಳಗೆ ಬಂದೆ. ಬಂದವಳಿಗೆ ಯೋಚನೆ ಹತ್ತಿತು. ಬೇಟೆ ಇರುವುದು ಶರತ್ಕಾಲದಲ್ಲಿ. ನಮ್ಮತ್ತೆ ಬೆಂಗಳೂರಿನಿಂದ ಬರುವುದು ನವರಾತ್ರಿಗೆ. ನಮ್ಮತ್ತೆ ಎಂದರೆ ಮಡಿ, ಮೈಲಿಗೆ ಎನ್ನುವವರು, ಈರುಳ್ಳಿ ಕೂಡ ಮುಟ್ಟದವರು. ನಾನು ಗೊಂಬೆ ಕೂರಿಸಿ ಆರತಿ ಎತ್ತುವ ಹೊತ್ತಿಗೆ ಪಕ್ಕದ ಡ್ರೈವ್‌ವೇಯಲ್ಲಿ ಟ್ರಕ್ಕು ನಿಂತು, ಅದರೊಳಗಿಂದ ಕೊಂಬಿನ ಸಮೇತ ಒಂದು ತಲೆ ಅತ್ತೆಯನ್ನು ನೋಡುತ್ತಿದ್ದರೆ? “ಇಂಥ ಕಡೆ ನನ್ನ ಮಗನನ್ನ ಇಟ್ಟಿದೀಯಾ?” ಎಂದು ಅವರು ಕೇಳುವುದು ನನಗೆ ಏಪ್ರಿಲ್‌ನಲ್ಲೇ ಕೇಳಿಸಿತು.

ಆ ಶನಿವಾರ ತುಪ್ಪದ ದೀಪ ಹಚ್ಚಿ, “ಸ್ವಾಮಿ, ಆ ಮೂಕಪ್ರಾಣಿ ಬದುಕಲಿ, ಅವರಿಗೆ ಟ್ಯಾಗು ಸಿಗದಿರಲಿ,” ಎಂದು ಬೇಡಿಕೊಂಡೆ. ನಮ್ಮ ಮನೆದೇವರು ನರಸಿಂಹ. ಸಿಂಹದ ಮುಖದ ದೇವರ ಮುಂದೆ ಹೋಗಿ ಕಡವೆಯ ಜಾತಿಯನ್ನು ಉಳಿಸು ಎಂದು ನಿಂತವಳು ಬಹುಶಃ ನಾನೊಬ್ಬಳೇ ಇರಬೇಕು. ಜೊತೆಗೆ ಹೂಪ್ರಸಾದವನ್ನೂ ಕೇಳಿದೆ. ಬಲಗಡೆಯ ಹೂವು ಬಿದ್ದರೆ ದೇವರು ಹೂಂ ಎಂದ ಹಾಗೆ. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ದಿನ ಎಡಗಡೆಯ ಸೇವಂತಿಗೆಯನ್ನು ವಿಗ್ರಹದ ತೋಳಿನ ಸಂದಿಗೆ ಭದ್ರವಾಗಿ ಸಿಕ್ಕಿಸಿದ್ದೆ. ಬಲಗಡೆಯದನ್ನು ನೀರಲ್ಲಿ ಅದ್ದಿ ಭುಜದ ತುದಿಯಲ್ಲಿ ಸುಮ್ಮನೆ ಇಟ್ಟಿದ್ದೆ. ನಾನು ಕಣ್ಣು ಮುಚ್ಚುವ ಮೊದಲೇ ಬಿತ್ತು. ಭಕ್ತಿಯಿಂದ ಕಣ್ಣಿಗೊತ್ತಿಕೊಂಡೆ.

ಮೇ ಕೊನೆಯಲ್ಲಿ ಲಾಟರಿ ಆಯಿತು. ಗ್ಲೆನ್‌ಗೆ ಟ್ಯಾಗು ಸಿಗಲಿಲ್ಲ. “ಇರಲಿ, ಇನ್ನೊಂದು ಪಾಯಿಂಟು ಬಂತು,” ಎಂದು ಬೇಲಿಯಾಚೆಯಿಂದ ಹೇಳಿ, ಗುಲಾಬಿ ಗಿಡ ಕತ್ತರಿಸಲು ಬಗ್ಗಿದರು. ತುಂಬಾ ಹೊತ್ತು ಬಗ್ಗಿಯೇ ಇದ್ದರು. ನನಗೆ ಗೆದ್ದೆ ಎನ್ನಿಸಬೇಕಿತ್ತು, ಎನ್ನಿಸಲಿಲ್ಲ. ಆ ಸಂಜೆ ಉಪಕಾರ ಎಣಿಸಲು ನಿಂತವಳು ಹಾಲು ಉಕ್ಕಲಿಲ್ಲ ಎಂಬಲ್ಲಿಗೇ ನಿಲ್ಲಿಸಿದೆ.

ಮುಂದಿನ ವಾರ ನಮ್ಮ ಗ್ರೀನ್ ಕಾರ್ಡು ಅಂಚೆಯಲ್ಲಿ ಬಂತು. ಮಗಳು ಬೇಲಿಯ ಹತ್ತಿರ ಓಡಿ ಸುದ್ದಿ ಕೂಗಿಬಿಟ್ಟಳು. ಒಂದೆರಡು ಗಂಟೆಯಲ್ಲಿ ಗ್ಲೆನ್ ಮತ್ತು ಡಾನಾ ಕೇಕು ಹಿಡಿದು ಬಾಗಿಲಲ್ಲಿದ್ದರು. ಮೊಟ್ಟೆ ಹಾಕದ ಕೇಕು. ನಮಗೋಸ್ಕರವೆಂದೇ ಡಾನಾ ಎಂದೋ ಕಲಿತದ್ದು.

“ಇವಳು ಚರ್ಚಿನಲ್ಲಿ ಪ್ರತಿ ಭಾನುವಾರ ನಿಮ್ಮ ಕಾರ್ಡಿಗೆ ಅಂತ ಒಂದು ಮೇಣದ ಬತ್ತಿ ಹಚ್ತಿದ್ಳು, ಗೊತ್ತಾ?” ಎಂದರು ಗ್ಲೆನ್. “ಈ ಸಲ ನನ್ನ ಟ್ಯಾಗಿಗೂ ಒಂದು ಹಚ್ಚೇ ಅಂದೆ. ‘ಒಂದು ಸಲಕ್ಕೆ ಒಂದೇ, ಅವರದ್ದು ಮೊದಲಾಗಲಿ’ ಅಂದ್ಳು.”

ಡಾನಾ ಗಂಡನ ತೋಳಿಗೊಂದು ಏಟು ಕೊಟ್ಟು, “ನಿನ್ನದಕ್ಕೆ ಇವಳು ಕೇಳ್ತಿದ್ದಳಲ್ಲ!” ಎಂದರು.

ಇಬ್ಬರೂ ನನ್ನನ್ನು ನೋಡಿದರು. “ಕೇಳಿದೆ,” ಎಂದೆ. ಅಕ್ಷರಕ್ಷರವೂ ಸತ್ಯ. ಮಗಳು ನನ್ನ ಮುಖ ನೋಡಿ, “ಅಮ್ಮಾ, ಆರ್ ಯು ಕ್ರೈಯಿಂಗ್?” ಎಂದಳು. ಕಾರ್ಡು ಬಂದ ಸಂತೋಷಕ್ಕೆ ಎಂದು ಎಲ್ಲರೂ ತಿಳಿದುಕೊಂಡರು.

ನವರಾತ್ರಿಗೆ ಅತ್ತೆ ಬಂದರು. ಗ್ಲೆನ್ ಅತ್ತೆಯನ್ನು ತಮ್ಮ ಮನೆಗೆ ಕರೆದರು. ನಾನು ಬೇಡವೆಂದರೂ ಕೇಳದೆ ಅತ್ತೆ ಸೆರಗು ಹೊದ್ದು ಹೊರಟೇಬಿಟ್ಟರು. ಅಲ್ಲಿ ನಡುಮನೆಯ ಗೋಡೆಯ ಮೇಲೆ, ಯಾವ ಕಾಲದಲ್ಲೋ ಹೊಡೆದ ಒಂದು ಜಿಂಕೆಯ ತಲೆ. ನಾನು ಅತ್ತೆಯ ಮುಖವನ್ನೇ ನೋಡುತ್ತಾ ನಿಂತೆ. ಅತ್ತೆ ಕನ್ನಡಕ ಸರಿಮಾಡಿಕೊಂಡು, ಹತ್ತಿರ ಹೋಗಿ, “ಕಣ್ಣು ಎಷ್ಟು ಚೆನ್ನಾಗಿ ಕೂರಿಸಿದಾರೆ ನೋಡೇ!” ಎಂದರು.

ಮನೆಗೆ ಬಂದ ಮೇಲೆ ತಡೆಯಲಾರದೆ ಕೇಳಿದೆ, “ನಿಮಗೆ ಅಸಹ್ಯ ಆಗಲಿಲ್ವಾ ಅತ್ತೆ?”

“ನನಗ್ಯಾಕೆ ಅಸಹ್ಯ? ನಮ್ಮಪ್ಪ ಸಾಯೋವರೆಗೂ ಜಿಂಕೆ ಚರ್ಮದ ಮೇಲೆ ಕೂತೇ ಜಪ ಮಾಡ್ತಿದ್ದಿದ್ದು. ಅದೇನು ಜಿಂಕೆ ತಾನೇ ಬಂದು ಬಿಚ್ಚಿಕೊಟ್ಟು ಹೋಗಿತ್ತಾ?” ಎಂದು ಬತ್ತಿ ಹೊಸೆಯುತ್ತಾ ಕೂತರು.

ಯಾರಿಗೆ ಹೆದರಿ ನಾನು ಇಷ್ಟೆಲ್ಲ ಮಾಡಿದ್ದೆನೋ ಅವರಿಗೆ ಅದು ಏನೂ ಅಲ್ಲ. ಇನ್ನು ನನಗೆ ಹಿಡಿದುಕೊಳ್ಳಲು ನೆಪವೇ ಉಳಿಯಲಿಲ್ಲ. ಮಾರನೆಯ ಬೆಳಗ್ಗೆ ಕಡಲೆಕಾಳಿನ ಉಸಲಿಯ ಡಬ್ಬಿ ಹಿಡಿದು ಬೇಲಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ, ಒದ್ದೆ ಸೇವಂತಿಗೆಯ ವಿಷಯವನ್ನೂ ಬಿಡದೆ.

ಗ್ಲೆನ್ ಮೊದಲು ನಕ್ಕರು. “ಹಿಂದಿನ ಹದಿನೇಳು ವರ್ಷವೂ ನೀನೇನಾ?”

“ಇಲ್ಲ, ಇದೊಂದೇ ವರ್ಷ.”

“ಸರಿ ಹಾಗಾದರೆ, ಆ ಹದಿನೇಳಕ್ಕೆ ಬೈಯೋಕೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ.” ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು. ನಗು ನಿಂತಿತ್ತು. “ಅಲ್ಲಮ್ಮ, ಬೇಡ ಅಂದದ್ದನ್ನ ಕೇಳಿಸಿಕೊಂಡ ಅಂದಮೇಲೆ, ಬೇಕು ಅಂದಿದ್ದರೂ ಕೇಳಿಸಿಕೊಳ್ತಿದ್ನೇನೋ ನಿಮ್ಮ ದೇವರು.”

ಕೋಪದಿಂದಲ್ಲ, ಸುಮ್ಮನೆ ಲೆಕ್ಕ ಹಾಕಿದವರ ಹಾಗೆ ಅಂದರು. ಕೋಪದಿಂದ ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ವಾಲ್ಟ್ ಈಗ ಬೆಟ್ಟ ಹತ್ತುವುದಿಲ್ಲ. ಕೆಳಗೆ ಟ್ರಕ್ಕಿನಲ್ಲಿ ಕೂತು, ಎಲ್ಲಿ ಹೋಗಬೇಕೆಂದು ಕಾಗದದ ಮೇಲೆ ಗೆರೆ ಹಾಕಿ ತೋರಿಸಬಲ್ಲರಂತೆ, ತಮ್ಮನಿಗೆ ಟ್ಯಾಗು ಸಿಕ್ಕರೆ.

ಈ ವರ್ಷ ಗ್ಲೆನ್ ಮತ್ತೆ ಅರ್ಜಿ ಹಾಕಿದ್ದಾರೆ. ನಾನೂ ಹಾಕಿದ್ದೇನೆ, ನರಸಿಂಹನ ಮುಂದೆ. ಈ ಸಲ ಮೋಸವಿಲ್ಲ, ಎರಡು ಹೂವನ್ನೂ ಒಂದೇ ಸಮನಾಗಿ ಇಟ್ಟಿದ್ದೇನೆ. ನಾಲ್ಕು ದಿನವಾಯಿತು, ಎರಡೂ ಅಲ್ಲಾಡಿಲ್ಲ. ಬಾಡಿದ ಹೂವನ್ನು ತೆಗೆಯಲು ಧೈರ್ಯವಿಲ್ಲ, ಫ್ಯಾನು ಹಾಕಲು ಮುಖವಿಲ್ಲ. ಗ್ಲೆನ್‌ಗೆ ಹದಿನೆಂಟು ಪಾಯಿಂಟು ಆಗಿದೆ. ನನ್ನದು ಮೊದಲನೆಯ ವರ್ಷ, ಸಾಲಿನ ಕೊನೆಯಲ್ಲಿ ನಿಂತಿದ್ದೇನೆ.