ಹರಿಹರದ ಯಜಮಾನರ ಪಿಸುಮಾತು

ನಮ್ಮ ದಾವಣಗೆರೆಯಲ್ಲಿ ಏನು ಬೇಕಾದರೂ ಮಾಡಬಹುದು, ಗುಟ್ಟೊಂದನ್ನ ಮಾತ್ರ ಮಾಡೋಕಾಗಲ್ಲ. ಇಂಟರ್ನೆಟ್ ಹೊಸದಾಗಿ ಬಂದ ಕಾಲ. ನಮ್ಮಣ್ಣ ವಿನೋಬನಗರದ ಮನೆಯ ಮುಂದಿನ ಕೋಣೆಯಲ್ಲಿ ಬ್ರೌಸಿಂಗ್ ಸೆಂಟರ್ ಹಾಕಿ, ಬಿ.ಎ. ಮುಗಿಸಿ ಸುಮ್ಮನೆ ಕೂತಿದ್ದ ನನ್ನನ್ನ ಕಾವಲಿಗೆ ಇಟ್ಟ. ಒಂದೊಂದು ಕಂಪ್ಯೂಟರಿಗೂ ಪ್ಲೈವುಡ್ಡಿನ ಗೂಡು, ಗೂಡಿಗೊಂದು ಪರದೆ. ಒಳಗೆ ಕೂತವರು ತಾವ್ಯಾರು ಅಂತ ಲೋಕಕ್ಕೇ ಗೊತ್ತಿಲ್ಲ ಅಂದುಕೊಳ್ಳೋರು. ಲೋಕಕ್ಕೆ ಗೊತ್ತಿರಲಿಲ್ಲ ನಿಜ, ವಿನೋಬನಗರಕ್ಕೆ ಗೊತ್ತಿರುತ್ತಿತ್ತು. ಇಂಥ ಗುಟ್ಟಿನ ಪ್ರಸಂಗಗಳು ದಿನಾ ನಡೀತಿದ್ದವು. ಈಗ ಹೇಳೋವೆಲ್ಲ ಒಬ್ಬ ಯಜಮಾನರವೇ.

೧. ಹೆಸರು ಕೇಳಬ್ಯಾಡ

ಒಂದು ಮಧ್ಯಾಹ್ನ ತಲೆಗೆ ಟವೆಲ್ ಸುತ್ತಿಕೊಂಡ ಹಿರಿಯರೊಬ್ಬರು ಬಂದರು. "ನನ್ನ ಹೆಸರು, ಊರು ಕೇಳಬ್ಯಾಡವ್ವ" ಅಂದರು.

"ಕೇಳಲ್ಲ, ಕೂಡ್ರಿ" ಅಂದೆ.

ಅಷ್ಟರಲ್ಲಿ ಪಕ್ಕದ ಗೂಡಿನ ಗಿರಾಕಿ ಪರದೆ ಸರಿಸಿ, ನಮ್ಮ ಕಡೆ ಹೊಸಬರನ್ನ ಕಂಡರೆ ಎಲ್ಲರೂ ವಿಚಾರಿಸೋ ಹಾಗೆ, "ಯಾವೂರಾತು ಯಜಮಾನ್ರದು? ಯಾರ ಪೈಕಿ?" ಅಂದ. ಕೇಳಿದ ಮೇಲೆ ಹೇಳದೇ ಇದ್ದರೆ ಮರ್ಯಾದೆಯೇ? ಹೆಸರು, ಹರಿಹರ, ಮನೆತನ, ಮಿಲ್ಲಿನಲ್ಲಿ ಮಗ್ಗ ನಡೆಸಿದ್ದು, ಮಗಳನ್ನ ಕೊಡುತ್ತಿರೋ ಮನೆ, ಎಲ್ಲ ಸಾವಕಾಶ ಒಪ್ಪಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಮಾತ್ರ ಕೇಳಬ್ಯಾಡ" ಅಂದರು.

೨. ಪಿಸುಮಾತು

ಮಗ್ಗಗಳ ಸದ್ದಿನಲ್ಲಿ ಆಯುಷ್ಯ ಕಳೆದವರು. ಕಿವಿ ಮಂದವಾಗಿತ್ತು, ದನಿ ಏರಿತ್ತು. ಅವರಿಗೆ ಪಿಸುಮಾತು ಅನ್ನಿಸಿದ್ದು ನಮಗೆ ಡಂಗುರ.

ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು: "ಎದೆನಾಗೆ ಗಡ್ಡೆ ಐತಂತೆ. ಕ್ಯಾನ್ಸರ್. ಎಷ್ಟು ದಿನ ಇರ್ತೀನಿ ಅಂದ್ರೆ ಡಾಕ್ಟ್ರು ಬಾಯೇ ಬಿಡ್ತಿಲ್ಲ. ಇದ್ರಾಗೆ ನೋಡಿ ಹೇಳು. ಮಗಳ ಮದುವೆ ಆಗೋಮಟ ನಮ್ಮನೆಯಾಕಿಗೆ ಗೊತ್ತಾಗಬಾರ್ದು. ಗೊತ್ತಾದ್ರೆ ಮದುವೆ ನಿಲ್ಲಿಸಿ, ನನ್ನ ಕಟ್ಕೊಂಡು ಆಸ್ಪತ್ರೆ ಆಸ್ಪತ್ರೆ ಅಲೀತಾಳೆ."

ಕೀಬೋರ್ಡುಗಳೆಲ್ಲ ಗಪ್‌ಚಿಪ್. ಎದುರಿನ ಅಂಗಡಿಯಲ್ಲಿ ಮಿರ್ಚಿ ಕರಿಯುತ್ತಿದ್ದವನೂ ಜಾಲರಿ ಹಿಡಿದು ಹಂಗೇ ನಿಂತ.

"ಯಾರಿಗೂ ಕೇಳಿಲ್ಲ, ಅಲ್ವಾ?" ಅಂದರು.

ನಾನು ಬಾಯಿ ತೆಗೆಯೋ ಮೊದಲೇ ಎಲ್ಲ ಗೂಡುಗಳಿಂದಲೂ ಒಟ್ಟಿಗೆ ಉತ್ತರ ಬಂತು: "ಇಲ್ರೀ ಯಜಮಾನ್ರೇ!"

೩. ಅವ್ವನ ತವರು

ಪರದೇಶದ ಅದೇ ಕಾಯಿಲೆಯವರು ಕೂಡಿ ಪತ್ರ ಬರೆದುಕೊಳ್ಳೋ ಒಂದು ಜಾಗ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಅಲ್ಲಿ ಕೇಳಬೇಕಾದರೆ ಈಮೇಲ್ ಬೇಕು. "ನಿಜವಾದ ಹೆಸರು ಬ್ಯಾಡ, ಯಾವುದಾದ್ರೂ ಸುಳ್ಳು ಹೆಸರು ಹೇಳ್ರಿ" ಅಂದೆ.

"ಮಿಲ್ಲಿನಾಗಿದ್ದ ನಮ್ಮ ಸೂಪರ್‌ವೈಸರಂದು ಹಾಕು. ಭಾಳ ಕಾಡ್ಯಾನೆ" ಅಂದವರು, ನಾನು ಅರ್ಧ ಹೊಡೆಯುವಷ್ಟರಲ್ಲಿ ಕೈ ಹಿಡಿದರು. "ಈ ಕಾಯಿಲೆಗೆ ಅವ್ನ ಹೆಸರು ಬ್ಯಾಡ, ತೆಗೆದುಬಿಡು. ಅವ್ನಿಗೂ ಮಕ್ಳು ಮರಿ ಅದಾವೆ."

ಕೊನೆಗೆ ಯಾರದೂ ಅಲ್ಲದ ಒಂದು ಹೆಸರು ಹಾಕಿದೆವು. ಪಾಸ್‌ವರ್ಡ್ ಮರೆತರೆ ಬೇಕಾಗುತ್ತೆ ಅಂತ ಕಂಪ್ಯೂಟರ್ ಅವರ ತಾಯಿಯ ತವರುಮನೆ ಹೆಸರು ಕೇಳಿತು. ಯಜಮಾನರಿಗೆ ಸಿಟ್ಟೇ ಬಂತು. "ನಮ್ಮವ್ವನ ತವರು ಕಟ್ಕೊಂಡು ಇವ್ನಿಗೇನು? ಸಂಬಂಧ ಬೆಳೆಸಾಕೆ ಬಂದಾನೇನು?"

ಎದ್ದು ಹೋಗುವಾಗ, ನಾವು ನೋಡಿದ್ದರ ಗುರುತನ್ನೆಲ್ಲ ಕಂಪ್ಯೂಟರಿನಿಂದ ಅಳಿಸಿ ತೋರಿಸಿದೆ. ನಂಬಿಕೆ ಬರಲಿಲ್ಲ. ಟವೆಲ್ ಬಿಚ್ಚಿ ಗಾಜನ್ನ ಗಸಗಸ ಉಜ್ಜಿದರು. "ನೀನು ಒಳಗಿಂದು ಒರೆಸು, ಹೊರಗಿಂದು ನಾನು ನೋಡ್ಕೊಂತೀನಿ."

೪. ಬಂದ ಉತ್ತರ

ಯಜಮಾನರು ಮುಂದಿನ ಸಲ ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮ ದೂರದೇಶದಿಂದ ಉತ್ತರ ಬರೆದಿದ್ದ. ದಿನ ಎಣಿಸೋದು ಯಾರ ಕೈಲೂ ಆಗಲ್ಲ, ಮೊದಲು ಹೆಂಡತಿಗೆ ಹೇಳು ಅಂತ. ಕನ್ನಡದಲ್ಲಿ ಬಿಡಿಸಿ ಹೇಳಿದೆ. ಯಜಮಾನರು, "ಪಾಪ, ಅವ್ನು ನಮ್ಮನೆಯಾಕಿನ್ನ ನೋಡಿಲ್ಲ" ಅಂದರು.

೫. ಜವಳಿ

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಮಗಳ ಮದುವೆಯ ತನಕ ಅವರು ಇದ್ದರು. ಆಮೇಲೆ ಹೆಚ್ಚು ದಿನ ಇರಲಿಲ್ಲ. ಈ ಕೊನೆಯದನ್ನ ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತೆ, ನಗುತ್ತಾ ನಗುತ್ತಾ ಅಳುವೂ ಬರುತ್ತೆ.

ಮದುವೆಗೆ ಮುಂಚೆ ಒಂದು ದಿನ ಯಜಮಾನರು ಕೊನೇ ಗೂಡಿನಲ್ಲಿ ಪರದೆ ಎಳೆದುಕೊಂಡು, ಪುಟ ಯಾವಾಗ ಮೂಡುತ್ತೋ ಅಂತ ಕಾಯುತ್ತಿದ್ದರು. ಬಾಗಿಲಲ್ಲಿ ಕೈಚೀಲ ಹಿಡಿದ ಹೆಂಗಸೊಬ್ಬರು. "ಕಂಪ್ಯೂಟರಿನಾಗೆ ಕಾಯಿಲೆ ನೋಡೋಳು ನೀನೇ ಏನವ್ವ?" ಕಿವಿ ಕೇಳದವರ ಜೊತೆ ಬಾಳಿ ಬಾಳಿ ಆಕೆಯ ದನಿಯೂ ಅಷ್ಟೇ ಏರಿತ್ತು.

"ನಮ್ಮ ಯಜಮಾನ್ರು ಬೆಳಿಗ್ಗೆ ಪೂಜೆಗೆ ಕುಂತಾಗ ಗುಟ್ಟಾಗಿ ಬೇಡ್ಕೊಂತಾರೆ, ಇಡೀ ಓಣಿಗೆ ಕೇಳ್ತೈತೆ. ಮದುವೆಮಟ ಉಸಿರು ಇಡು ಅಂತಾರೆ. ದಾವಣಗೆರೆ ವಿನೋಬನಗರದ ಕಂಪ್ಯೂಟರ್ ಹುಡುಗಿಗೆ ಒಳ್ಳೇದು ಮಾಡು ಅಂತ ನಿನಗೂ ಸೇರಿಸಿ ಬೇಡ್ತಾರೆ. ನನಗೆ ಗೊತ್ತಿರೋದು ಅವ್ರಿಗೆ ಗೊತ್ತಾಗಬಾರ್ದವ್ವ. ಎದೆ ಒಡ್ಕೊಂತಾರೆ. ನಗನಗ್ತಾ ಮಗಳನ್ನ ಕಳಿಸ್ಲಿ."

ನಾನು ಕೊನೇ ಗೂಡಿನ ಕಡೆ ನೋಡಿದೆ. ಎಲ್ಲ ಗೂಡುಗಳಲ್ಲೂ ತಲೆ ಬಗ್ಗಿತು. ಪರದೆ ಸರಿಯಿತು, ಯಜಮಾನರು ಹೊರಗೆ ಬಂದರು. ಅಷ್ಟು ಜನರಲ್ಲಿ ಆ ಮಾತು ಕೇಳದಿದ್ದವರು ಅವರೊಬ್ಬರೇ.

"ನೀ ಯಾಕ ಬಂದಿ ಇಲ್ಲಿ?"

"ಜವಳಿ ತಗಳ್ಳಾಕೆ. ನೀವು?"

"ನಾನೂ ಜವಳಿಗೇ."

ಕಂಪ್ಯೂಟರುಗಳ ನಡುವೆ ನಿಂತು ಇಬ್ಬರೂ ನನ್ನ ಮುಖ ನೋಡಿದರು. "ಇವತ್ತು ಜವಳಿ ಮುಗಿದೈತ್ರಿ" ಅಂದೆ. ಇನ್ನೇನು ಅನ್ನಲಿ?

ಇಬ್ಬರೂ ಮೆಟ್ಟಿಲ ತನಕ ಹೋದರು. ಯಜಮಾನರು ತಟ್ಟನೆ ತಿರುಗಿ, ನನ್ನ ಕಡೆ ಬಗ್ಗಿ, ತಮ್ಮ ಪಿಸುದನಿಯಲ್ಲಿ ಅಂದರು: "ಸದ್ಯ ಬಚಾವಾದ್ವಿ. ಆಕಿಗೆ ಏನೂ ಗೊತ್ತಿಲ್ಲ."

ರಸ್ತೆಯಲ್ಲಿದ್ದ ಆಟೋದವನು ತಿರುಗಿ ನೋಡಿದ. ಅವರ ಮಗ್ಗುಲಲ್ಲೇ ನಿಂತಿದ್ದ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೂಗಿದರು: "ಏನಂದ್ರಿ? ನನಗಂತೂ ಏನೂ ಕೇಳಿಸ್ಲಿಲ್ಲ!"