ಓವರ್ಸಿಯರ್ ಮಗಳ ಪೆಟ್ಟಿಗೆ

ಆಟದ ಸಾಮಾನು ಕೂಡಿಟ್ಟುಕೊಂಡವರ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಸಾಮಾನು ಸುಮ್ಮನಿರುತ್ತದೆ, ನೋಡಲು ಬಂದವರು ಸುಮ್ಮನಿರುವುದಿಲ್ಲ. ಮೊನ್ನೆ ಇಲ್ಲಿ ನಾಗಪುರದ ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ತಂದವರು ನನ್ನ ಗಾಜಿನ ಕಪಾಟಿನ ಎದುರು ನಿಂತುಬಿಟ್ಟರು. ಅಡಿಗೆಮನೆಯಿಂದ ಕರೆದರೂ ಕೇಳಿಸಲಿಲ್ಲ. ಕೊನೆಗೆ ಹೊರಟಾಗ ಖಾಲಿ ಸಿಲಿಂಡರನ್ನು ನಮ್ಮಲ್ಲೇ ಬಿಟ್ಟು, ತುಂಬಿದ್ದನ್ನು ಮತ್ತೆ ಹೊತ್ತುಕೊಂಡು ಹೋದರು.

ಆ ಕಪಾಟಿನಲ್ಲಿರುವುದೆಲ್ಲ ಅರವತ್ತರ ದಶಕದಲ್ಲಿ, ನಾನು ಹುಡುಗಿಯಾಗಿದ್ದಾಗ, ಹೊಸನಗರ, ಸಾಗರ, ತೀರ್ಥಹಳ್ಳಿಗಳಲ್ಲಿ ಸಿಕ್ಕಿದ್ದು. ಅಪ್ಪ ಪಿಡಬ್ಲ್ಯುಡಿಯಲ್ಲಿ ಓವರ್ಸಿಯರ್. ಶರಾವತಿಯ ಹಿನ್ನೀರು ಏರಿ ಹಳೆಯ ರಸ್ತೆಗಳು ಮುಳುಗುತ್ತಿದ್ದ ಕಾಲ. ಹೊಸ ರಸ್ತೆ ಎಲ್ಲಿ ಬೇಕೋ ಅಲ್ಲಿಗೆ ಅಪ್ಪನಿಗೆ ವರ್ಗ. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ ಮತ್ತು ನಾನು, ಇಷ್ಟೇ ಸಂಸಾರ. ಜೊತೆಗೆ ನನ್ನದೊಂದು ಮರದ ಪೆಟ್ಟಿಗೆ. ರಸ್ತೆ ಅಳೆಯುವ ಯಂತ್ರ ಇಡುತ್ತಿದ್ದ ಪೆಟ್ಟಿಗೆ ಅದು. ಬೇಡವೆಂದು ಆಫೀಸಿನವರು ಎಸೆಯಲಿದ್ದದ್ದನ್ನು ಅಪ್ಪ ಕೇಳಿ ತಂದುಕೊಟ್ಟಿದ್ದರು. ಹಿತ್ತಾಳೆಯ ಚಿಲಕ, ಒಳಗೆ ಹಸಿರು ಬಟ್ಟೆ. ಅದರೊಳಗೆ ಏನಿಟ್ಟರೂ ಅದಕ್ಕೊಂದು ಘನತೆ ಬರುತ್ತಿತ್ತು.

ಅಮ್ಮನಿಗೆ ಮಾತ್ರ ಅದು ಕಸದ ಗೂಡು. ವರ್ಗವಾಗಿ ಲಾರಿಗೆ ಸಾಮಾನು ಹೇರುವಾಗಲೆಲ್ಲ ಅದನ್ನು ಅಂಗಳದಲ್ಲೇ ಉಳಿಸಿ, "ಇದನ್ನ ಇಲ್ಲೇ ಬಿಟ್ಟು ಹೋಗೋದು" ಎನ್ನುತ್ತಿದ್ದಳು. ನಾನು ಪೆಟ್ಟಿಗೆಯ ಮೇಲೆ ಕೂತು ಅಳುತ್ತಿದ್ದೆ. ಅಪ್ಪ ನಡುವೆ ಬಂದು, "ಲಾರೀಲಿ ಜಾಗ ಇದೆಯಲ್ಲೇ" ಎನ್ನುತ್ತಿದ್ದರು. ಕೊನೆಗೊಮ್ಮೆ ಅಮ್ಮ ತೀರ್ಪು ಕೊಟ್ಟಳು. "ಮದುವೆ ತನಕ ಇಟ್ಕಳ್ಳಲಿ. ಗಂಡನ ಮನೆಗೆ ಮಾತ್ರ ಇದು ಹೋಗಕೂಡದು. ಹುಡುಗಿಗೆ ಇನ್ನೂ ಬುದ್ಧಿ ಬಂದಿಲ್ಲ ಅಂದ್ಕತಾರೆ."

ನನಗೆ ಮದುವೆ ಎಂದರೆ ಭಯ ಹುಟ್ಟಿದ್ದು ಅವತ್ತಿನಿಂದ. ಎಂಥ ಗಂಡ ಸಿಗುತ್ತಾನೋ ಎಂದಲ್ಲ.

ಸೋಡಾ ಗೋಲಿ

ಹೊಸನಗರದ ಬಸ್ ಸ್ಟ್ಯಾಂಡ್ ಎದುರು ಒಂದು ಸೋಡಾ ಅಂಗಡಿ. ಬಾಟ್ಲಿಯ ಕತ್ತಿನಲ್ಲಿ ಗಾಜಿನ ಗೋಲಿ ಸಿಕ್ಕಿಕೊಂಡಿರುತ್ತಿತ್ತು. ಅಂಗಡಿಯವರು ಹೆಬ್ಬೆರಳಿಟ್ಟು ಒತ್ತಿದರೆ ಅದು ಕೀಂ ಎಂದು ಕೂಗಿ ಒಳಗಿಳಿಯುತ್ತಿತ್ತು. ನನಗೆ ಆ ಗೋಲಿ ಬೇಕಾಗಿತ್ತು.

"ಬಾಟ್ಲಿ ಒಡೆದ್ರೆ ಮಾತ್ರ ಅದು ಹೊರಗೆ ಬರೋದು ತಂಗಿ" ಅಂದರು ಅವರು.

ಸರಿ, ಒಡೆಯಲಿ ಎಂದು ನಾನು ದಿನಾ ಶಾಲೆ ಬಿಟ್ಟ ಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ಕೂತೆ. ಬಾಟ್ಲಿ ಕೈಗೆತ್ತಿಕೊಂಡ ಗಿರಾಕಿಗಳನ್ನೆಲ್ಲ ಆಸೆಯಿಂದ ನೋಡಿದೆ. ಅವರು ಜೋಪಾನವಾಗಿ ಕುಡಿದು ಜೋಪಾನವಾಗಿ ಇಟ್ಟುಹೋಗುತ್ತಿದ್ದರು. ಒಂದು ವಾರಕ್ಕೆ ಅಂಗಡಿಯವರು ಅಪ್ಪನನ್ನು ರಸ್ತೆಯಲ್ಲಿ ನಿಲ್ಲಿಸಿದರು. "ಸ್ವಾಮಿ, ನಿಮ್ಮ ಮಗಳನ್ನ ಕರ್ಕಂಡು ಹೋಗಿ. ಬಾಟ್ಲಿ ಒಡೀಲಿ ಅಂತ ದೇವರನ್ನ ಬೇಡ್ಕಂತಾ ಕೂತಿರ್ತಾಳೆ. ನಂಗೆ ಕೈ ನಡುಗ್ತದೆ."

ಅವರ ಕೈ ನಡುಗಿತೋ, ದೇವರಿಗೆ ನನ್ನ ಮೊರೆ ಕೇಳಿಸಿತೋ, ಮರುದಿನ ಗ್ಯಾಸ್ ತುಂಬುವಾಗ ಒಂದು ಬಾಟ್ಲಿ ಢಂ ಎಂದು ಸಿಡಿಯಿತು. ಅಂಗಡಿಯಲ್ಲಿದ್ದವರೆಲ್ಲ ಹೊರಗೆ ಓಡಿದರು. ನಾನು ಒಳಗೆ ಓಡಿದೆ.

ಅಂಗಡಿಯವರು ಗೋಲಿಯನ್ನು ಹುಡುಕಿ ತೊಳೆದುಕೊಟ್ಟರು. ಕಣ್ಣಿಗೆ ಹಿಡಿದು ನೋಡಿದೆ. ಎದುರಿಗೆ ನಿಂತಿದ್ದ ಶಿವಮೊಗ್ಗದ ಬಸ್ಸು ತಲೆಕೆಳಗಾಗಿತ್ತು. ಟಾಪಿನ ಮೇಲಿನ ಮೂಟೆಗಳು ಕೆಳಗೆ ನೇತಾಡುತ್ತಿದ್ದವು, ಬೀಳುತ್ತಿರಲಿಲ್ಲ. ಕಂಡಕ್ಟರ್ ಆಕಾಶಕ್ಕೆ ಕಾಲಿಟ್ಟು ಆರಾಮಾಗಿ ಬೀಡಿ ಸೇದುತ್ತಿದ್ದ. ಅಷ್ಟು ಚಿಕ್ಕ ಗಾಜಿನಲ್ಲಿ ಇಡೀ ಬಸ್ ಸ್ಟ್ಯಾಂಡು ಹೇಗೆ ಹಿಡಿಸಿತೆಂದು ನನಗೆ ತಿಳಿಯಲೇ ಇಲ್ಲ.

"ಎಂತ ಕಾಣ್ತದೆ, ಕೊಡು ನೋಡನ" ಎಂದು ಅಂಗಡಿಯವರು ಇಸಿದುಕೊಂಡರು. ಬಸ್ಸು ನೋಡಿದರು. ತಮ್ಮ ಅಂಗಡಿ ನೋಡಿದರು. ಬಾಟ್ಲಿಗಳು ತಲೆಕೆಳಗಾಗಿ ಸಾಲಾಗಿ ನಿಂತಿದ್ದವು, ಒಂದು ತೊಟ್ಟು ಚೆಲ್ಲಿರಲಿಲ್ಲ. ಗಿರಾಕಿಯೊಬ್ಬರು ಬಂದು ಸೋಡಾ ಕೇಳಿದರು. ಅಂಗಡಿಯವರು ಗೋಲಿಯಿಂದ ಕಣ್ಣು ತೆಗೆಯದೆ ಹೇಳಿದರು: "ಸ್ವಲ್ಪ ತಡೀರಿ. ನೀವು ಈಗ ತಲೆ ಕೆಳಗೆ ಮಾಡಿ ನಿಂತಿದೀರಿ, ಕುಡಿದ್ರೆ ಮೂಗಿಗೆ ಹೋಗ್ತದೆ."

ಆನೆ

ಸಾಗರಕ್ಕೆ ಬಂದಾಗ ನಮ್ಮ ಬಾಡಿಗೆ ಮನೆ ಗುಡಿಗಾರರ ಬೀದಿಯ ಹತ್ತಿರವೇ ಇತ್ತು. ಮನೆಮನೆಯಲ್ಲೂ ಗಂಧದ ಕೆತ್ತನೆ. ದಾರಿಯಲ್ಲಿ ನಡೆದುಹೋದರೆ ಸಾಕು, ಬಟ್ಟೆಗೆಲ್ಲ ಪರಿಮಳ ಹತ್ತುತ್ತಿತ್ತು. ಒಬ್ಬ ಮುದುಕ ಗುಡಿಗಾರರು ಉಗುರಿನಷ್ಟು ಮರದಲ್ಲಿ ಆನೆಯ ಕಿವಿ ತೆಗೆಯುವುದನ್ನು ನಾನು ಬಾಯಿ ಬಿಟ್ಟು ನೋಡುತ್ತಾ ನಿಲ್ಲುತ್ತಿದ್ದೆ. ಮರದೊಳಗೆ ಆನೆ ಮೊದಲೇ ಇತ್ತು, ಇವರು ಸುತ್ತಲಿನ ಕಸ ತೆಗೆದರು ಅಷ್ಟೇ, ಎಂಬ ಹಾಗೆ ಅದು ಹೊರಗೆ ಬರುತ್ತಿತ್ತು. ಸೊಂಡಿಲ ತುದಿ ಮುರಿದ ಒಂದು ಆನೆಯನ್ನು ಅವರು ನನಗೆ ಕೊಟ್ಟರು.

ಪೆಟ್ಟಿಗೆಯಲ್ಲಿ ಅದಕ್ಕೆ ನಡುವಿನ ಜಾಗ. ಆದರೆ ನಾಲ್ಕಾರು ವಾರ ಕಳೆಯುವಷ್ಟರಲ್ಲಿ ಆನೆ ಯಾಕೋ ಕುಳ್ಳಗಾದ ಹಾಗೆ ಕಾಣಿಸಿತು. ನಾನು ಎತ್ತರ ಆಗಿರಬೇಕು ಅಂದುಕೊಂಡೆ. ಇನ್ನೂ ಕೆಲವು ದಿನಕ್ಕೆ ಅದರ ಮೊಣಕಾಲು ಕಾಣಲಿಲ್ಲ. ಆಮೇಲೆ ಕಾಲೇ ಕಾಣಲಿಲ್ಲ. ಹೊಟ್ಟೆ ನೆಲಕ್ಕೂರಿ ಆನೆ ಕೂತುಬಿಟ್ಟಿತ್ತು.

ಒಂದು ಬೆಳಿಗ್ಗೆ ದೇವರ ಮನೆಗೆ ಇಣುಕಿದರೆ ಅಜ್ಜಿ ಸಾಣೆಕಲ್ಲಿನ ಮೇಲೆ ನೀರು ಹಾಕಿಕೊಂಡು ನನ್ನ ಆನೆಯನ್ನು ಗರಗರ ತೇಯುತ್ತಿದ್ದರು.

"ಅಜ್ಜಿ, ಅದು ನನ್ನ ಆನೆ."

"ನಂಗೇನು ಕಣ್ಣು ಕಾಣದಿಲ್ವಾ ಕೂಸೇ? ಆನೆ ಅಂತ ಗೊತ್ತು. ಮನೇಲಿ ಗಂಧದ ಕೊರಡು ಸವೆದುಹೋಗಿ ಎಷ್ಟು ದಿನ ಆಯ್ತು, ನಿನ್ನ ಅಪ್ಪ ತರಲಿಲ್ಲ. ನಿನ್ನ ಪೆಟ್ಟಿಗೆ ಒಳಗೆ ಕತ್ತಲಲ್ಲಿ ಇತ್ತು ಪಾಪ. ಈಗ ನೋಡು, ದಿನಾ ದೇವರ ಹಣೆ ಮೇಲೆ ಹೋಗಿ ಕೂರ್ತದೆ."

ನಾನು ಅಳುತ್ತಾ ಆನೆಯನ್ನು ಗುಡಿಗಾರರ ಹತ್ತಿರ ಒಯ್ದೆ, ಕಾಲು ಹಚ್ಚಿಕೊಡಿ ಎಂದು. ಅವರು ಕನ್ನಡಕ ಏರಿಸಿ ತಿರುಗಿಸಿ ನೋಡಿದರು. ಹೊಟ್ಟೆಯ ಕೆಳಗೆ ಬೆರಳಾಡಿಸಿದರು. ಮಗನನ್ನು ಕರೆದು ತೋರಿಸಿದರು. "ನೋಡು, ನಾಲ್ಕು ಕಡೆಗೂ ಎಷ್ಟು ಸಮ ಬಂದಿದೆ. ಉಳಿ ಮುಟ್ಟಿಲ್ಲ. ಯಾರಮ್ಮ ಮಾಡಿದ್ದು?"

"ನಮ್ಮಜ್ಜಿ."

"ಪಳಗಿದ ಕೈ ಅವರದು" ಅಂದರು ಗುಡಿಗಾರರು ಗೌರವದಿಂದ.

ಈ ಮಾತನ್ನು ಮನೆಗೆ ಬಂದು ಹೇಳಿದ್ದೇ ತಪ್ಪಾಯಿತು. ಅಂದು ಸಂಜೆಯೇ ಅಜ್ಜಿ ನನ್ನ ಪೆಟ್ಟಿಗೆಯ ಹತ್ತಿರ ಸುಳಿದಾಡತೊಡಗಿದರು. "ಕುದುರೆ ಏನಾದ್ರೂ ಇದ್ಯಾ ಕೂಸೇ?"

ಕಣ್ಣೀರು

ಸಾಗರದಲ್ಲಿದ್ದಾಗಲೇ ಟೂರಿಂಗ್ ಟಾಕೀಸಿನವರು ಕತ್ತರಿಸಿ ಎಸೆದ ರೀಲಿನ ತುಂಡೊಂದು ಸಿಕ್ಕಿತು. ಬೆಳಕಿಗೆ ಹಿಡಿದರೆ ಚೌಕಚೌಕದಲ್ಲೂ ಒಬ್ಬಳೇ ಹೆಂಗಸು, ಕೆನ್ನೆಯ ಮೇಲೆ ಒಂದು ಹನಿ ಕಣ್ಣೀರು. ಸಿನಿಮಾವನ್ನೇ ನೋಡಿರದ ಅಜ್ಜಿಗೆ ತೋರಿಸಿದೆ. ಅವರು ಕಿಟಕಿಯ ಹತ್ತಿರ ಒಯ್ದು ನೋಡಿದರು. ಮರುದಿನ ಊಟವಾದ ಮೇಲೆ, "ಆ ಹೆಂಗಸು ಹೇಗಿದಾಳೆ?" ಎಂದು ಕೇಳಿದರು. ಮತ್ತೆ ತೋರಿಸಿದೆ. "ಇನ್ನೂ ಬಿದ್ದಿಲ್ವಲ್ಲೇ ಕಣ್ಣೀರು." ಹೀಗೆ ದಿನಾ ನಡೆಯಿತು. ಆಮೇಲೊಂದು ದಿನ ಅದೇ ಹೆಂಗಸು ನಗುತ್ತಿರುವ ತುಂಡೊಂದು ಸಿಕ್ಕಿತು. ಅಜ್ಜಿ ನೋಡಿ ನಿಟ್ಟುಸಿರು ಬಿಟ್ಟರು. "ಅಂತೂ ಯಾರೋ ಸಮಾಧಾನ ಮಾಡಿದ್ರು. ಇನ್ನು ಒಳಗಿಡು, ನಂಗೆ ನಿದ್ದೆ ಬರ್ತದೆ."

ಗೊಂಬೆ ಕೂರಿಸಿದ್ದು

ತೀರ್ಥಹಳ್ಳಿಗೆ ವರ್ಗವಾದ ವರ್ಷ ಅಕ್ಕಪಕ್ಕದ ಮನೆಗಳಲ್ಲಿ ಮೈಸೂರು ಕಡೆಯ ಅಧಿಕಾರಿಗಳ ಸಂಸಾರಗಳಿದ್ದವು. ನವರಾತ್ರಿ ಬಂತೆಂದರೆ ಎಲ್ಲರ ಮನೆಯಲ್ಲೂ ಗೊಂಬೆ. ದಿನಾ ಸಂಜೆ ಆರತಿಗೆ ಕರೆ. ಹೋಗಿ ಹೋಗಿ ಅಮ್ಮನಿಗೆ ನಾಚಿಕೆಯಾಯಿತು. "ಎಲ್ಲರ ಮನೆ ಕುಂಕುಮ ತಗಂಡು ಬಂದ್ವಿ. ಒಂದು ದಿನ ಆದ್ರೂ ನಾವೂ ಕರೀಬೇಕು. ಕೂರಿಸೋಕೆ ನಮ್ಮನೇಲಿ ಒಂದು ಗೊಂಬೆ ಇಲ್ಲ."

ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ಆ ಕಸದ ಗೂಡು ತಗಂಡು ಬಾ."

ಅಕ್ಕಿ ಡಬ್ಬ, ಟ್ರಂಕು ಜೋಡಿಸಿ, ಮೇಲೆ ಅಪ್ಪನ ಪಂಚೆ ಹಾಸಿ ಮೆಟ್ಟಿಲು ಮಾಡಿದೆವು. ಕೂತ ಆನೆ, ಗೋಲಿ, ಮರದ ಬುಗುರಿ, ಒಂದು ಕೈಯಿಲ್ಲದ ರಬ್ಬರ್ ಗೊಂಬೆ, ಎಲ್ಲ ಏರಿದವು. ತುದಿಯ ಮೆಟ್ಟಿಲಿಗೆ ಏನೂ ಇರಲಿಲ್ಲ. ಗುಜರಿ ಬಸ್ಸಿನಿಂದ ಬಿಚ್ಚಿ ಅಪ್ಪನ ಪರಿಚಯದ ಮೆಕ್ಯಾನಿಕ್ ಕೊಟ್ಟಿದ್ದ ಹಿತ್ತಾಳೆಯ ಹಾರನ್ನೊಂದು ಪೆಟ್ಟಿಗೆಯಲ್ಲಿತ್ತು. ಬಾಯಿ ಹೂವಿನ ಹಾಗೆ ಅರಳಿದ್ದು, ಹಿಂದೆ ರಬ್ಬರಿನ ಚೆಂಡು. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬಂಗಾರದಂತೆ ಹೊಳೆಯಿತು. ಅಮ್ಮ ಅದಕ್ಕೆ ಸೇವಂತಿಗೆ ಸುತ್ತಿ ಮೇಲೆ ಇಟ್ಟಳು. ದೀಪ ಹಚ್ಚಿದ ಮೇಲೆ ನಾನೇ ಬೆರಗಾಗಿ ನಿಂತೆ. ಅಂಗಳದಲ್ಲಿ ಬಿಟ್ಟುಹೋಗಬೇಕಾಗಿದ್ದ ಸಾಮಾನೆಲ್ಲ ಅರಮನೆಯಲ್ಲಿ ಹುಟ್ಟಿದವರ ಹಾಗೆ ಕೂತಿದ್ದವು.

ಹೆಂಗಸರು ಬಂದರು. ಅಮಲ್ದಾರರ ಮನೆಯ ಮುದುಕಿ, ಎಲ್ಲರಿಗೂ ಹಿರಿಯರು, ಹಾರನ್ನು ದಿಟ್ಟಿಸಿ ಕೇಳಿದರು. "ಇದು ಯಾವ ದೇವರು?"

ಅಮ್ಮ ಬೆವತಳು. "ದಾರಿ ದೇವರು. ಇವರು ರಸ್ತೆ ಕೆಲಸದವರಲ್ವಾ, ಹಾಗಾಗಿ."

ಎಲ್ಲರೂ ತಲೆದೂಗಿದರು. ಆರತಿ ಹಾಡು ಸುರುವಾಯಿತು. ಆ ಹಿರಿಯರು ಭಕ್ತಿಯಿಂದ ಮುಂದೆ ಬಾಗಿ ದಾರಿ ದೇವರ ಪಾದವೆಂದು ರಬ್ಬರ್ ಚೆಂಡನ್ನು ಹಿಡಿದು ಒತ್ತಿದರು.

ಪೋಂ ಎಂದಿತು ದೇವರು.

ತೀರ್ಥಹಳ್ಳಿಯ ಪೇಟೆ ಬೀದಿಯಲ್ಲಿ ದಿನಾ ಓಡಾಡುವ ಹೆಂಗಸರು ಅವರು. ಹಾಡು ನಿಲ್ಲಿಸಲಿಲ್ಲ. ಆರತಿ ತಟ್ಟೆಯ ಸಮೇತ ಎಲ್ಲರೂ ಸೆರಗು ಎಳೆದುಕೊಂಡು ಗೋಡೆಯ ಬದಿಗೆ ಸರಿದು ಬಸ್ಸಿಗೆ ದಾರಿ ಬಿಟ್ಟರು.

ಕೊಳವೆ

ಆ ನವರಾತ್ರಿಯಿಂದ ಪೆಟ್ಟಿಗೆಗೆ ಮರ್ಯಾದೆ ಬಂತೆಂದು ನಾನು ತಿಳಿದೆ. ಅಮ್ಮ ಮಾತು ಬದಲಿಸಲಿಲ್ಲ. ನನಗೆ ಗಂಡು ನೋಡುವ ಕಾಲ ಬಂದಾಗ ಪೆಟ್ಟಿಗೆಯನ್ನು ಯಾರಿಗೆ ಕೊಡುವುದೆಂದೂ ಗೊತ್ತುಮಾಡಿದಳು. ಹಿಂದಿನ ಬೀದಿಯಲ್ಲಿ ಅವಳ ಗೆಳತಿಯ ಮನೆ, ಅಲ್ಲಿ ಮಕ್ಕಳು ಬಹಳ. ಅವರ ಕೈಗೆ ಹೋದರೆ ಎರಡು ದಿನದಲ್ಲಿ ಚಿಲಕವೂ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು.

ಆ ದಿನಗಳಲ್ಲಿ ಪೆಟ್ಟಿಗೆಯಲ್ಲಿ ಒಂದು ಹೊಸ ಸಾಮಾನಿತ್ತು, ನಾನೇ ಮಾಡಿದ್ದು. ಫೋಟೋಗೆ ಕಟ್ಟು ಹಾಕುವ ಅಂಗಡಿಯಿಂದ ಕನ್ನಡಿಯ ಮೂರು ಪಟ್ಟಿ ಕೊಯ್ಯಿಸಿ ತಂದು, ರಟ್ಟಿನ ಕೊಳವೆಯೊಳಗೆ ತ್ರಿಕೋನವಾಗಿ ಕೂರಿಸಿ, ತುದಿಯಲ್ಲಿ ಒಡೆದ ಬಳೆಯ ಚೂರು ಹಾಕಿದ್ದೆ. ಕಣ್ಣಿಗಿಟ್ಟು ತಿರುಗಿಸಿದರೆ ಹೂವು ಒಡೆದು ನಕ್ಷತ್ರ, ನಕ್ಷತ್ರ ಒಡೆದು ರಂಗೋಲಿ. ಒಮ್ಮೆ ಹೋದದ್ದು ಮತ್ತೆ ಬರುತ್ತಿರಲಿಲ್ಲ. ಮಾಡಿದವಳು ನಾನೇ ಆದರೂ ಅದು ಮುಂದೆ ಏನು ತೋರಿಸುತ್ತದೆಂದು ನನಗೂ ಗೊತ್ತಿರಲಿಲ್ಲ.

ಹುಡುಗ ರೈಲ್ವೆಯಲ್ಲಿ, ನಾಗಪುರದಲ್ಲಿ, ರಜೆಗೆ ಊರಿಗೆ ಬಂದಿದ್ದರು. ತಂದೆ ಹೆಡ್‌ಮಾಸ್ತರಾಗಿ ರಿಟೈರಾದವರು. ಹೆಣ್ಣು ನೋಡಲು ಬರುತ್ತಾರೆಂದಾಗ ಅಮ್ಮ ಪದ್ಧತಿಯ ಪ್ರಕಾರ ನನ್ನ ಕೈಕೆಲಸ ತೋರಿಸಲು ಸಿದ್ಧಮಾಡಿದಳು. ಎದುರು ಮನೆಯಿಂದ ಮಣಿ ತೋರಣ, ಮನೆ ಓನರ್ ಹೆಂಡತಿಯಿಂದ ಮಣಿಯ ಹಂಸ, ಇನ್ಯಾರದೋ ಮನೆಯಿಂದ ಲೇಸಿನ ಬಟ್ಟೆ. ಎಲ್ಲ ಒಂದು ದಿನದ ಮಟ್ಟಿಗೆ ನಾನು ಮಾಡಿದ್ದು.

ಬಂದವರು ನಾಲ್ಕು ಜನ. ಹುಡುಗ, ತಂದೆ, ತಾಯಿ, ಮಧ್ಯಸ್ಥಿಕೆ ವಹಿಸಿದ್ದ ಹುಡುಗನ ಸೋದರಮಾವ. ಉಪ್ಪಿಟ್ಟು ಆಯಿತು. ಹುಡುಗನ ತಾಯಿ ಸುತ್ತ ನೋಡಿ, "ಇದೆಲ್ಲ ನಿಮ್ಮ ಹುಡುಗಿ ಮಾಡಿದ್ದಾ?" ಎಂದರು.

ಅಮ್ಮ ಬಾಯಿ ತೆರೆಯುವ ಮೊದಲೇ ಅಜ್ಜಿ ಎದ್ದರು. ದೇವರಿಗೆ ಗಂಧ ತೇಯುವವರ ಬಾಯಲ್ಲಿ ಸುಳ್ಳು ಬರಬಾರದೆಂದು ಅವರ ಹಟ. "ಅವಳು ಮಾಡಿದ್ದು ಒಳಗಿದೆ, ತರ್ತೀನಿ ತಡೀರಿ."

ತಂದರು. ಪೆಟ್ಟಿಗೆಯನ್ನೇ ತಂದು ಹೆಡ್‌ಮಾಸ್ತರ ಮುಂದೆ ಇಟ್ಟರು. ಅಮ್ಮ ಗೋಡೆ ಹಿಡಿದುಕೊಂಡಳು.

ಹೆಡ್‌ಮಾಸ್ತರು ಕೊಳವೆ ಎತ್ತಿ ಕಣ್ಣಿಗಿಟ್ಟರು. ತಿರುಗಿಸಿದರು. ಮತ್ತೆ ತಿರುಗಿಸಿದರು. ಕೈಯಲ್ಲಿದ್ದ ಕಾಫಿ ಆರಿಹೋಯಿತು.

"ನಂಗೂ ಕೊಡಿ ನೋಡನ" ಅಂದರು ಹೆಂಡತಿ.

"ಸ್ವಲ್ಪ ತಾಳು, ಈಗಷ್ಟೇ ಒಂದು ಹೂವು ಬರ್ತಾ ಇದೆ."

ಕೊನೆಗೆ ಅವರು ಕಿತ್ತುಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಒಳಗೆ ಎಂತ ಹಾಕಿದೀಯಮ್ಮ?" ಎಂದರು.

"ಒಡೆದ ಬಳೆ" ಅಂದೆ.

ಹೆಣ್ಣು ನೋಡುವ ಹೊತ್ತಿನಲ್ಲಿ ಬಾಯಿಗೆ ಬರಬಾರದ ಮಾತು. ಸೋದರಮಾವ ಕೆಮ್ಮಿದರು. ಅಮ್ಮ ಕಣ್ಣು ಮುಚ್ಚಿದಳು. ನನ್ನ ಮದುವೆ ಮುರಿಯಿತು, ಪೆಟ್ಟಿಗೆ ಇನ್ನೂ ಸ್ವಲ್ಪ ದಿನ ಉಳಿಯಿತು ಎಂದು ನಾನು ಲೆಕ್ಕ ಹಾಕಿದೆ.

ಹುಡುಗನ ತಾಯಿ ಕೊಳವೆಯನ್ನು ಮತ್ತೆ ಕಣ್ಣಿಗಿಟ್ಟರು. "ಹಸಿರು ಇದೆ, ಕೆಂಪು ಇದೆ. ನೀಲಿ ಎಂತಕ್ಕೆ ಹಾಕಿಲ್ಲ?"

"ಸಿಗಲಿಲ್ಲ."

"ನಮ್ಮನೇಲಿದೆ. ಬಳೆಗಾರ ಬಂದು ಹೋದ ಮೇಲೆ ಗುಡಿಸಿ ಡಬ್ಬೀಲಿ ಹಾಕಿಟ್ಟಿದೀನಿ. ಎಸೆಯೋಕೆ ಮನಸ್ಸೇ ಬರಲಿಲ್ಲ."

ಬಸ್ಸಿನ ಹೊತ್ತಾಯಿತೆಂದು ಅವರು ಅವಸರದಲ್ಲಿ ಹೊರಟರು. ಒಪ್ಪಿಗೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಮುಂದಿನ ವಾರ ಸೋದರಮಾವ ಒಬ್ಬರೇ ಬಂದರು. "ತಂದೆ ತಾಯಿಗೆ ಪೂರ್ತಿ ಒಪ್ಪಿಗೆ. ಹುಡುಗ ಮಾತ್ರ ಇನ್ನೊಂದು ಸಲ ಬರಬೇಕಂತೆ. ಎಂತಕ್ಕೆ ಅಂದ್ರೆ ಬಾಯಿ ಬಿಡಲ್ಲ."

ಅಮ್ಮನಿಗೆ ಎದೆ ಒಡೆಯಿತು. ಹುಡುಗನಿಗೆ ನನ್ನ ಬಣ್ಣ ಹಿಡಿಸಿಲ್ಲ ಎಂದು ತೀರ್ಮಾನಿಸಿ, ಅವರು ಬರುವ ದಿನ ನನ್ನ ಮುಖಕ್ಕೆ ಕಡಲೆಹಿಟ್ಟು ತಿಕ್ಕಿ, ತನ್ನ ಧಾರೆ ಸೀರೆ ಉಡಿಸಿ, ಕೈಗೆ ಕಾಫಿ ಲೋಟ ಕೊಟ್ಟು ನಡುಮನೆಗೆ ನೂಕಿದಳು. ಹುಡುಗ ತಲೆ ತಗ್ಗಿಸಿ ಕೂತಿದ್ದರು.

"ಸರಿಯಾಗಿ ನೋಡ್ಕಳಪ್ಪ, ಸಂಕೋಚ ಬೇಡ" ಅಂದರು ಅಪ್ಪ.

"ಹುಡುಗೀನ ಅವತ್ತೇ ನೋಡಿದೀನಿ, ಒಪ್ಪಿಗೆ" ಅಂದರು ಅವರು, ಕಿವಿ ಕೆಂಪಾಗಿ. "ಆ ಕೊಳವೆ ನನ್ನ ಕೈಗೆ ಬರಲೇ ಇಲ್ಲ."

ಅಮ್ಮನೇ ಒಳಗೆ ಹೋಗಿ ಪೆಟ್ಟಿಗೆ ಎತ್ತಿಕೊಂಡು ಬಂದು ಅವರ ತೊಡೆಯ ಮೇಲೆ ಇಟ್ಟಳು. ಅವರು ಕೊಳವೆಯನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸುತ್ತಾ ಹೋದರು. ಕಾಫಿ ಲೋಟ ಹಿಡಿದುಕೊಂಡು ನಾನು ನಿಂತೇ ಇದ್ದೆ. ಬಹಳ ಹೊತ್ತಿನ ಮೇಲೆ, ಕಣ್ಣು ತೆಗೆಯದೆ, ಮೆಲ್ಲಗೆ ಕೇಳಿದರು.

"ಇದು ಹುಡುಗಿ ಜೊತೆಗೇ ಬರುತ್ತೆ ತಾನೆ?"

ಅಮ್ಮ ನನ್ನ ಮುಖ ನೋಡಿದಳು. ಅಪ್ಪ ಅಮ್ಮನ ಮುಖ ನೋಡಿದರು. ಉತ್ತರ ಕೊಟ್ಟವರು ಅಜ್ಜಿ.

"ಇಲ್ಲಪ್ಪ. ಇದರ ಜೊತೆಗೆ ಹುಡುಗಿ ಬರ್ತಾಳೆ."